ಇಸವಿ ಇರುವ ಹಳೆಯ ಯುರೋಪಿನ ನಾಣ್ಯ: ‘ಮೊದಲನೆಯದರ’ ಬೆನ್ನು ಹತ್ತಬೇಡಿ

ಪ್ರಶ್ನೆ: ಸರ್, ನಾನು ಬೀದರ್ ಕಡೆಯವನು. ಕೆಲಸದ ಮೇಲೆ ನೆದರ್ಲ್ಯಾಂಡ್ಸ್‌ನಲ್ಲಿದ್ದೇನೆ. ತಾತ ಕೂಡಿಟ್ಟ ಕೆಲವು ಬಹಮನಿ ನಾಣ್ಯಗಳು ಮನೆಯಲ್ಲಿವೆ, ಆ ಹುಚ್ಚು ನನಗೂ ಅಂಟಿದೆ. ಇಲ್ಲಿನ ನಾಣ್ಯ ಮೇಳವೊಂದರಲ್ಲಿ ಒಂದು ಬೆಳ್ಳಿ ನಾಣ್ಯ ನೋಡಿದೆ. ಎದುರುಬದುರು ಕೂತ ಎರಡು ಸಿಂಹ, ಸುತ್ತ ಲ್ಯಾಟಿನ್ ಬರಹ. ಮಾರುವವರು ಇದು 1474ರದ್ದು, ಇಸವಿ ಇರುವುದರಿಂದ ವಿಶೇಷ ಎಂದರು. ಅದಕ್ಕಿಂತ ಹಳೆಯ, ಇಸವಿ ಇಲ್ಲದ ನಾಣ್ಯಕ್ಕೆ ಅವರೇ ಕಡಿಮೆ ಬೆಲೆ ಹೇಳಿದರು. ನಾನು ಭೂತಗನ್ನಡಿಯಲ್ಲಿ ನೋಡಿದರೆ ಇಸವಿ ‘18’ ಅಂತ ಶುರುವಾಗುತ್ತದೆ! ಫೋಟೋ ಕಳಿಸಿದ್ದೇನೆ. ನನಗೆ ಟೋಪಿ ಹಾಕುತ್ತಿದ್ದಾರಾ? ಇಸವಿಗೆ ಯಾಕಿಷ್ಟು ಬೆಲೆ? ಇಂಥ ನಾಣ್ಯ ಕೂಡಿಸಬೇಕಾದರೆ ಎಲ್ಲಿಂದ ಶುರು ಮಾಡಲಿ? ಊರಿಗೆ ತರಬಹುದಾ? ಇನ್ನೊಂದು: ಅಜ್ಜಿಯ ಪುತಳಿ ಸರದಲ್ಲಿರುವುದು ವೆನಿಸ್ ನಾಣ್ಯ ಅಂತಾರೆ. ಅದರಲ್ಲಿ ಇಸವಿಯೇ ಇಲ್ಲವಲ್ಲ?

ಉತ್ತರ: ಮೊದಲು ನಿಮ್ಮ ಅನುಮಾನ ಮುಗಿಸೋಣ. ಫೋಟೋ ನೋಡಿದೆ. ಓದಿದ ಮಟ್ಟಿಗೆ ಮಾರುವವರು ಹೇಳಿದ್ದು ಸರಿ, ಅದು 1474. ನೀವು 8 ಅಂದುಕೊಂಡಿದ್ದು 4.

ಹದಿನೈದನೇ ಶತಮಾನದ ಯುರೋಪಿನಲ್ಲಿ 4 ಈಗಿನ ಹಾಗೆ ಇರಲಿಲ್ಲ. ಮೇಲೆ ಒಂದು ಕುಣಿಕೆ, ಕೆಳಗೆ ಎರಡು ಕಾಲು. ಕೆಳಗಿನ ಅರ್ಧ ತೆರೆದೇ ಇರುವ 8ರಂತೆ ಕಾಣುತ್ತದೆ. ನಮಗೆ ಕನ್ನಡದವರಿಗೆ ಇದನ್ನು ನೆನಪಿಟ್ಟುಕೊಳ್ಳುವುದು ಸುಲಭ. ಒಂದು ಚೀಟಿಯಲ್ಲಿ ನಮ್ಮ ೪ ಬರೆಯಿರಿ. ಚೀಟಿಯನ್ನು ತಲೆಕೆಳಗು ಮಾಡಿ. ನಿಮ್ಮ ನಾಣ್ಯದ ಮೇಲಿರುವುದು ಹೆಚ್ಚೂಕಡಿಮೆ ಅದೇ! ಅಂಕಿಗಳು ಹೋಗಿದ್ದೇ ನಮ್ಮ ಕಡೆಯಿಂದ, ಅರಬರ ಕೈಯಿಂದ ಅವರ ಕೈಗೆ. ಹಾಗಾಗಿ ಈ ಹೋಲಿಕೆ ನೋಡಿ ಆಶ್ಚರ್ಯಪಡಬೇಕಿಲ್ಲ. ಇನ್ನು ನಡುವೆ ತಲೆಕೆಳಗಾದ ಇಂಗ್ಲಿಷ್ ‘ವಿ’ ಥರ ಇದೆಯಲ್ಲ, ಎರಡು ಗೆರೆ ಮೇಲೆ ಸೇರಿ ಮೊನೆಯಾಗಿರುವುದು, ಅದು 7. ನಮ್ಮ ಕಣ್ಣಿಗೆ ಅದು ಅಡ್ಡಗೆರೆ ಇಲ್ಲದ ‘ಎ’ ಅಕ್ಷರದಂತೆ ಕಾಣುತ್ತದೆ. ಒಂದು ಬರೀ ನೆಟ್ಟಗಿನ ಗೆರೆ. ಈಗ ಮತ್ತೆ ಓದಿ: ಗೆರೆ, ಕುಣಿಕೆ, ಮೊನೆ, ಕುಣಿಕೆ. 1474.

5 ಬಂದಾಗ ಇನ್ನೂ ಗೊಂದಲ. ಒಂದೊಂದು ಟಂಕಸಾಲೆಯಲ್ಲಿ ಒಂದೊಂದು ಥರ ಕೊರೆದಿದ್ದಾರೆ. ಅದಕ್ಕೇ ಹೇಳುವುದು, ಒಂದೇ ನಾಣ್ಯದ ಮೇಲೆ ನಾಲ್ಕು ಅಂಕಿಯನ್ನು ಬಿಡಿಸಲು ಒದ್ದಾಡಬೇಡಿ. ಅದೇ ಬಗೆಯ, ಅದೇ ಟಂಕಸಾಲೆಯ ಐದಾರು ನಾಣ್ಯಗಳ ಚಿತ್ರ ಪಕ್ಕಪಕ್ಕ ಇಟ್ಟುಕೊಳ್ಳಿ. ಬರ್ಲಿನ್ನಿನ ನಾಣ್ಯ ಸಂಗ್ರಹಾಲಯ, ಬ್ರಿಟಿಷ್ ಮ್ಯೂಸಿಯಂ ಎರಡೂ ತಮ್ಮ ನಾಣ್ಯಗಳ ಫೋಟೋಗಳನ್ನು ಪುಕ್ಕಟೆಯಾಗಿ ಇಂಟರ್ನೆಟ್ಟಿನಲ್ಲಿ ಹಾಕಿವೆ. ಒಂದು ವಾರ ಸಂಜೆ ಸುಮ್ನೆ ನೋಡುತ್ತಾ ಕೂತರೆ ಕಣ್ಣು ತಾನೇ ಪಳಗುತ್ತದೆ.

ಈಗ ಬೆಲೆಯ ವಿಷಯ. ನೀವು ಬಹಮನಿ ನಾಣ್ಯ ನೋಡಿ ಬೆಳೆದವರು. ನಿಮಗೆ ನಾಣ್ಯ ಅಂದರೆ ಅದರಲ್ಲಿ ವರ್ಷ ಇರಲೇಬೇಕು ಅನ್ನಿಸುವುದು ಸಹಜ. ಇಸ್ಲಾಮೀ ನಾಣ್ಯಗಳಲ್ಲಿ ಏಳನೇ ಶತಮಾನದಿಂದಲೇ ಹಿಜರಿ ವರ್ಷ ಹಾಕುವ ಪದ್ಧತಿ ಇತ್ತು. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, ಎರಡನೇ ಶತಮಾನದ ಕೊನೆಯ ಹೊತ್ತಿಗೆ, ಪಶ್ಚಿಮದ ಕ್ಷತ್ರಪರು ತಮ್ಮ ಪುಟ್ಟ ಬೆಳ್ಳಿ ನಾಣ್ಯದ ಮೇಲೆ ಶಕವರ್ಷ ಹಾಕಿದ್ದರು. ಹಾಗಂತ ಇಲ್ಲಿನ ಎಲ್ಲರೂ ಹಾಕಿದರು ಅಂತಲ್ಲ. ವಿಜಯನಗರದ ವರಾಹಗಳಲ್ಲಿ ಹುಡುಕಿದರೂ ಸಾಮಾನ್ಯವಾಗಿ ವರ್ಷ ಸಿಗುವುದಿಲ್ಲ.

ಯುರೋಪಿನಲ್ಲಿ ಇದು ತೀರಾ ತಡವಾಗಿ ಬಂತು. ಎಷ್ಟು ತಡ ಅಂದರೆ, ಇಂಗ್ಲೆಂಡಿನಲ್ಲಿ 1180ರಿಂದ 1247ರವರೆಗೆ ಹೊಡೆದ ‘ಶಾರ್ಟ್ ಕ್ರಾಸ್’ ಪೆನ್ನಿಗಳಲ್ಲಿ ಉದ್ದಕ್ಕೂ ‘ಹೆನ್ರಿಕಸ್’ ಎಂಬ ಒಂದೇ ಹೆಸರು. ಎರಡನೇ ಹೆನ್ರಿ ಸತ್ತ, ಮಗ ರಿಚರ್ಡ್ ಬಂದು ಹೋದ, ಇನ್ನೊಬ್ಬ ಮಗ ಜಾನ್ ಬಂದು ಹೋದ, ಮೊಮ್ಮಗ ಮೂರನೇ ಹೆನ್ರಿ ಪಟ್ಟಕ್ಕೆ ಬಂದ. ನಾಣ್ಯದಲ್ಲಿ ಹೆಸರು ಬದಲಾಗಲೇ ಇಲ್ಲ. ರಾಜನ ಹೆಸರನ್ನೇ ಬದಲಾಯಿಸದವರು ವರ್ಷ ಎಲ್ಲಿ ಹಾಕುತ್ತಾರೆ? ಜನ ನೋಡುತ್ತಿದ್ದುದು ಬೆಳ್ಳಿಯನ್ನು, ತೂಕವನ್ನು, ಪರಿಚಿತ ಚಿತ್ರವನ್ನು. ಚಿತ್ರ ಬದಲಾದರೆ ಅನುಮಾನ ಬರುತ್ತಿತ್ತು. ಟಂಕಸಾಲೆಯ ಲೆಕ್ಕಕ್ಕೆ ಗುರುತು ಬೇಕಾದರೆ ಒಂದು ಚುಕ್ಕಿ, ಒಂದು ಹೂ, ಒಂದು ಶಿಲುಬೆಯ ಆಕಾರ ಸಾಕಾಗುತ್ತಿತ್ತು. ಅದು ಒಳಗಿನವರಿಗೆ ಮಾತ್ರ ತಿಳಿಯುವ ಗುರುತು. ಸಾಮಾನ್ಯ ಜನ ಓದಬಹುದಾದ ವರ್ಷವನ್ನು ನಾಣ್ಯದ ಮೇಲೆ ಹಾಕುವ ಯೋಚನೆ ಬೇರೂರಲು ಬಹಳ ಕಾಲ ಹಿಡಿಯಿತು.

ಮೊದಮೊದಲು ಬಂದದ್ದೆಲ್ಲ ಅರಬ್ಬೀ ಹಣದ ಗಾಳಿ ಬೀಸುತ್ತಿದ್ದ ಕಡೆಯಿಂದ. ನಿಮಗೆ ಇದು ಇಷ್ಟವಾಗಬಹುದು. ಸಿಸಿಲಿಯ ರಾಜ ಎರಡನೇ ರೋಜರ್ ಕ್ರೈಸ್ತ, ನಾರ್ಮನ್ ವಂಶದವನು. ಆದರೆ ಅವನ ಒಂದು ತಾಮ್ರದ ನಾಣ್ಯದಲ್ಲಿ ಹಿಜರಿ 533 ಅಂತ ಅರಬ್ಬೀ ಅಂಕಿಯಲ್ಲೇ ಇದೆ. ಅಂದರೆ ಕ್ರಿ.ಶ. 1138ರ ಸುಮಾರು. ಸ್ಪೇನಿನ ಕ್ಯಾಸ್ಟೀಲ್‌ನಲ್ಲಿ ಎಂಟನೇ ಅಲ್ಫೋನ್ಸೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮುಸ್ಲಿಮರ ದೀನಾರ್ ಬರುವುದು ಕಡಿಮೆಯಾದಾಗ ಟೊಲೆಡೊದಲ್ಲಿ ತಾನೇ ಅಂಥ ಚಿನ್ನದ ನಾಣ್ಯ ಹೊಡೆಸಿದ. ಬರಹವೆಲ್ಲ ಅರಬ್ಬೀ. ಆದರೆ ಅದರಲ್ಲಿ ಹೇಳುವುದು ರೋಮಿನ ಪೋಪ್ ಕ್ರೈಸ್ತ ಚರ್ಚಿನ ಇಮಾಮ್ ಎಂದು! ನಡುವೆ ಒಂದು ಶಿಲುಬೆ, ಲ್ಯಾಟಿನ್ನಿನಲ್ಲಿ ‘ಆಲ್ಫ್’. ವರ್ಷವನ್ನು ಅರಬ್ಬೀ ಮಾತಿನಲ್ಲಿ ಬರೆಸಿದ್ದಾನೆ, ಅದೂ ಸ್ಪೇನಿನ ಹಳೆಯ ಶಕೆಯಲ್ಲಿ. ಆ ಶಕೆ ಕ್ರಿಸ್ತಶಕಕ್ಕಿಂತ 38 ವರ್ಷ ಮುಂದಿದೆ. ಆದ್ದರಿಂದ ಅಲ್ಲಿ 1213 ಅಂತ ಇದ್ದರೆ ನಾವು 1175 ಅಂತ ಓದಬೇಕು. ಕ್ಯಾಸ್ಟೀಲ್‌ನವರು ಈ ಶಕೆಯನ್ನು ಬಿಟ್ಟಿದ್ದು 1383ರಲ್ಲಿ, ಪೋರ್ಚುಗಲ್ ಬಿಟ್ಟಿದ್ದು 1422ರಲ್ಲಿ. 38 ಕಳೆಯಲು ಮರೆತು ಮಾರಾಟದ ಚೀಟಿ ಬರೆಯುವವರು ಈಗಲೂ ಇದ್ದಾರೆ.

ಕ್ರಿಸ್ತಶಕದ ವರ್ಷವನ್ನೇ ಹೊತ್ತ ಯುರೋಪಿನ ಮೊದಲ ನಾಣ್ಯ ಎಂದು ಎಲ್ಲರೂ ಹೆಸರಿಸುವುದು ಡೆನ್ಮಾರ್ಕಿನ ರೋಸ್ಕಿಲ್ಡೆಯ ಒಂದು ಸಣ್ಣ ಬೆಳ್ಳಿ ಪೆನ್ನಿಂಗ್. ಅಲ್ಲಿನ ಬಿಷಪ್ಪನ ಕಾಲದ್ದು. ರೋಮನ್ ಅಂಕಿಯಲ್ಲಿ 1234. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕದು. ಅದಾದ ಮೇಲೆ ಆ ಪದ್ಧತಿ ಮುಂದುವರಿಯಿತಾ? ಇಲ್ಲ. ಹದಿನೇಳು ವರ್ಷದ ನಂತರ, 1251ರಲ್ಲಿ, ಯುರೋಪಿನ ಹೊರಗೆ, ಈಗಿನ ಇಸ್ರೇಲಿನ ಅಕ್ಕಾ ಪಟ್ಟಣದಲ್ಲಿ, ಜೆರುಸಲೇಮಿನ ಧರ್ಮಯುದ್ಧಕ್ಕೆ ಬಂದ ಕ್ರೈಸ್ತ ಕ್ರುಸೇಡರ್‌ಗಳು ಅರಬ್ಬೀ ಬರಹದಲ್ಲೇ ಕ್ರಿಸ್ತಶಕ ಹಾಕಿದ ಬೆಳ್ಳಿ ದಿರ್ಹಮ್ ಹೊಡೆದರು. ಅದಕ್ಕೂ ಮೊದಲು ಅವರು ಮುಸ್ಲಿಮರ ನಾಣ್ಯವನ್ನೇ ನಕಲು ಮಾಡುತ್ತಿದ್ದರು, ಪ್ರವಾದಿಯ ಹೆಸರು, ಹಿಜರಿ ವರ್ಷ ಸಮೇತ! ಪೋಪ್ ಸಿಟ್ಟಾದ ಮೇಲೆ ಬರಹ ಬದಲಾಯಿತು, ಲಿಪಿ ಬದಲಾಗಲಿಲ್ಲ.

ಯುರೋಪಿನ ಒಳಗೆ ಮುಂದಿನ ದೊಡ್ಡ ಹೆಸರು ಜರ್ಮನಿಯ ಆಖೆನ್, ಚಕ್ರವರ್ತಿ ಷಾರ್ಲಮೇನ್ ಸಮಾಧಿ ಇರುವ ಊರು. 1372ರಿಂದ ಅಲ್ಲಿನ ಬೆಳ್ಳಿ ನಾಣ್ಯಗಳಾದ ಗ್ರೋಷೆನ್‌ಗಳಲ್ಲಿ ರೋಮನ್ ಅಂಕಿಯ ವರ್ಷ ಬರುತ್ತದೆ. ಅದೇ ದಶಕದಲ್ಲಿ ನಿಮ್ಮ ಬೀದರಿನ ಪಕ್ಕದ ಕಲಬುರಗಿಯಲ್ಲಿ, ಅಂದರೆ ಅಹ್ಸನಾಬಾದ್ ಟಂಕಸಾಲೆಯಲ್ಲಿ, ಒಂದನೇ ಮುಹಮ್ಮದ್ ಶಹಾನ ಬೆಳ್ಳಿ ಟಂಕಗಳಿಗೆ ಹಿಜರಿ ವರ್ಷ ಹಾಕುವುದು ದಿನನಿತ್ಯದ ಕೆಲಸವಾಗಿತ್ತು. ತಾತನ ಪೆಟ್ಟಿಗೆಯಲ್ಲಿ ಆ ಕಾಲದ್ದು ಒಂದಿದ್ದರೆ ಆಖೆನ್ ನಾಣ್ಯದ ಚಿತ್ರವನ್ನು ಅದರ ಪಕ್ಕ ಇಟ್ಟು ನೋಡಿ. ಯಾವುದು ಅಪರೂಪ, ಯಾವುದು ಮಾಮೂಲಿ ಅನ್ನುವುದು ಊರಿನಿಂದ ಊರಿಗೆ ಹೇಗೆ ಬದಲಾಗುತ್ತದೆ ಅಂತ ಗೊತ್ತಾಗುತ್ತದೆ.

ನಾವೀಗ ಬಳಸುವ ಅಂಕಿಗಳಲ್ಲಿ ಕ್ರಿಸ್ತಶಕದ ವರ್ಷ ಮೊದಲು ಕಾಣಿಸಿದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಊರಿನ ಪ್ಲಾಪಾರ್ಟ್ ಎಂಬ ಬೆಳ್ಳಿ ನಾಣ್ಯದಲ್ಲಿ, 1424ರಲ್ಲಿ. ಅದರ ಮೇಲೆ ಆ ಊರಿನ ಲಾಂಛನವಾದ ಕರಡಿ. ಗಣಿತಜ್ಞ ಫಿಬೊನಾಚ್ಚಿ ಈ ಅಂಕಿಗಳನ್ನು ಇಟಲಿಯವರಿಗೆ ಕಲಿಸಲು ಪುಸ್ತಕ ಬರೆದದ್ದು 1202ರಲ್ಲಿ. ನಾಣ್ಯಕ್ಕೆ ಬರಲು ಇನ್ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬರೆಯಬಾರದು ಎಂದು ನಿಯಮವನ್ನೇ ಮಾಡಿತ್ತು. ಪಟ್ಟಭದ್ರರಿಗೆ ಹೊಸತು ಯಾವಾಗ ಹಿಡಿಸಿದೆ ಹೇಳಿ!

ಇಷ್ಟೆಲ್ಲ ಹೇಳಿದ್ದು ನೀವು ಇವುಗಳ ಹಿಂದೆ ಬೀಳಲಿ ಅಂತಲ್ಲ. ಬೀಳಬಾರದು ಅಂತಲೇ. ಈ ಸಂಗ್ರಹಕ್ಕೆ ಬರುವ ಹೊಸಬರೆಲ್ಲ ‘ಮೊದಲನೆಯದು’ ಎಂಬ ಮಾತಿಗೆ ಮರುಳಾಗುತ್ತಾರೆ. ರೋಸ್ಕಿಲ್ಡೆಯ 1234, ಸೇಂಟ್ ಗಾಲೆನ್‌ನ 1424 ಇವೆಲ್ಲ ಸಂಬಳದಲ್ಲಿ ಕೊಳ್ಳುವ ನಾಣ್ಯಗಳಲ್ಲ. ಹರಾಜಿಗೆ ಬರುವುದೇ ಅಪರೂಪ. ಕಡಿಮೆ ಬೆಲೆಗೆ ಬಂದರೆ ಅದು ಅಸಲಿ ಆಗಿರುವ ಸಂಭವ ಇನ್ನೂ ಅಪರೂಪ. ನನ್ನನ್ನು ಕೇಳಿದರೆ ಸಂಗ್ರಹದ ನಿಜವಾದ ರುಚಿ ಇರುವುದು ವರ್ಷ ಹಾಕುವುದು ಅಭ್ಯಾಸವಾಗತೊಡಗಿದ ಆ ಮೂವತ್ತು ನಲವತ್ತು ವರ್ಷಗಳಲ್ಲಿ. 1465ರಿಂದ ಜರ್ಮನಿಯ ಸ್ಯಾಕ್ಸನಿಯಲ್ಲಿ ಬಂದ ಹಾರ್ನ್‌ಗ್ರೋಷೆನ್ ಇದೆ, ಶಿರಸ್ತ್ರಾಣದ ಮೇಲೆ ಎರಡು ಕೊಂಬು ಇರುವುದು. ಆಸ್ಟ್ರಿಯದ ಟೈರೋಲ್‌ನ ಹಾಲ್ ಟಂಕಸಾಲೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ನೀವೀಗ ವಾಸವಾಗಿರುವ ನಾಡನ್ನೂ ಅದರ ಸುತ್ತಮುತ್ತಲನ್ನೂ ಆಗ ಆಳುತ್ತಿದ್ದ ಬರ್ಗಂಡಿ ದೊರೆಗಳ ನಾಣ್ಯಗಳಿವೆ. 1474ರಿಂದ 1500ರವರೆಗೆ ಅಷ್ಟೇ ಹಿಡಿದುಕೊಂಡರೂ ಒಂದು ಜೀವಮಾನಕ್ಕೆ ಸಾಕು. 1500ಕ್ಕೆ ನಿಲ್ಲಿಸುವುದು ಸಂಗ್ರಹಕಾರರು ತಾವೇ ಹಾಕಿಕೊಂಡ ಗೆರೆ. ಅದಾದ ಮೇಲೆ ಇಸವಿ ಹಾಕುವುದು ಮಾಮೂಲಾಗುತ್ತಾ ಹೋಯಿತು. ಆದರೂ ಇಂಗ್ಲೆಂಡ್ ಮೊದಲ ಸಲ ಹಾಕಿದ್ದು 1548ರಲ್ಲಿ, ಅದೂ ರೋಮನ್ ಅಂಕಿಯಲ್ಲಿ!

ನೀವು ನೋಡಿದ ನಾಣ್ಯಕ್ಕೆ ಬರೋಣ. ಅದು ‘ಡಬಲ್ ಬ್ರಿಕೆ’. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ 1474ರಲ್ಲಿ ಹೊಸದಾಗಿ ಹೊರಡಿಸಿದ್ದು. ಸುಮಾರು 3 ಗ್ರಾಂ ತೂಗುತ್ತದೆ. ಸಿಂಹಗಳ ತಲೆಯ ಮೇಲೆ ನೋಡಿ, ವಕ್ರವಾದ ಒಂದು ಹಿಡಿಕೆಯಂಥದ್ದು ಕಾಣುತ್ತದೆ, ಕೆಳಗೆ ಕಿಡಿ. ಅದು ಚಕಮಕಿ ಕಲ್ಲಿಗೆ ಹೊಡೆದು ಬೆಂಕಿ ಮಾಡುವ ಉಕ್ಕಿನ ತುಂಡು, ಅದನ್ನೇ ‘ಬ್ರಿಕೆ’ ಅನ್ನುವುದು, ಬರ್ಗಂಡಿ ಮನೆತನದ ಲಾಂಛನ. ಸುತ್ತಲಿನ ಲ್ಯಾಟಿನ್ ಬರಹದಲ್ಲಿ ‘ಸಾಲ್ವುಮ್ ಫಾಕ್ ಪೊಪುಲುಮ್ ತೂಮ್ ದೊಮಿನೆ’ ಎಂಬುದನ್ನು ಹುಡುಕಿ. ‘ಪ್ರಭುವೇ, ನಿನ್ನ ಜನರನ್ನು ಕಾಪಾಡು’ ಎಂಬ ಬೈಬಲ್ಲಿನ ಕೀರ್ತನೆಯ ಸಾಲು ಅದು. ಪಕ್ಕದಲ್ಲಿ ಕಡಿಮೆ ಬೆಲೆಗೆ ಇದ್ದದ್ದು ಬಹುಶಃ ಅವನ ಅಪ್ಪ ಫಿಲಿಪ್ಪನ ಕಾಲದ್ದಿರಬೇಕು. ಆ ನಾಣ್ಯಗಳಲ್ಲಿ ವರ್ಷ ಇಲ್ಲ. ಹಳೆಯದು ಅಂದ ಮಾತ್ರಕ್ಕೆ ಬೆಲೆ ಜಾಸ್ತಿ ಅಂತಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಬಹುಮಂದಿ ಹುಡುಕುವ ನಾಣ್ಯಕ್ಕೆ ಬೆಲೆ. ಬರ್ಗಂಡಿಯವರು ಆಳಿದ ಈ ತಗ್ಗಿನ ನಾಡುಗಳಲ್ಲಿ, ಅಂದರೆ ಈಗಿನ ನೆದರ್ಲ್ಯಾಂಡ್ಸ್ ಬೆಲ್ಜಿಯಂ ಕಡೆ, ಆ ದೊರೆಗಳು ವರ್ಷ ಹಾಕಿದ ಮೊದಲ ನಾಣ್ಯಗಳು 1474ರವು. ಆದ್ದರಿಂದ ಸ್ವಲ್ಪ ಹೆಚ್ಚು ಕೇಳಿದ್ದರಲ್ಲಿ ಮೋಸ ಇಲ್ಲ. ಆದರೂ ಇದು ರಾಶಿಗಟ್ಟಲೆ ಹೊಡೆದ ನಾಣ್ಯ. ಸಾಧಾರಣ ಸ್ಥಿತಿಯದ್ದಾದರೆ ರೂಪಾಯಿ ಲೆಕ್ಕದಲ್ಲಿ ಮಾತು ಸಾವಿರಗಳಲ್ಲಿ ಮುಗಿಯಬೇಕು, ಲಕ್ಷಕ್ಕೆ ಹೋಗಬಾರದು. ಹಳೆಯ ಹರಾಜುಗಳ ದಾಖಲೆ ತೆಗೆದು, ಅದೇ ವರ್ಷ, ಅದೇ ಟಂಕಸಾಲೆಯ ನಾಲ್ಕೈದು ನಾಣ್ಯ ಎಷ್ಟಕ್ಕೆ ಹೋಗಿವೆ ನೋಡಿ ಚೌಕಾಸಿ ಮಾಡಿ. ಹರಾಜಿನ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಬೇರೆ ಇರುತ್ತದೆ, ಅದನ್ನೂ ಸೇರಿಸಿ ಹೋಲಿಸಿ.

ಈ ಸರಣಿ ಯಾಕೆ ಚೆನ್ನ ಅಂದರೆ ಇಲ್ಲಿ ಇಸವಿ ಕಥೆ ಹೇಳುತ್ತದೆ. ಚಾರ್ಲ್ಸ್ 1477ರ ಜನವರಿ 5ರಂದು ನಾನ್ಸಿ ಯುದ್ಧದಲ್ಲಿ ಸತ್ತ. ಆದರೆ ಅವನ ಆಸ್ಥಾನದ ಲೆಕ್ಕದಲ್ಲಿ ಅವತ್ತು ಇನ್ನೂ 1476! ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಈಸ್ಟರ್ ಹಬ್ಬಕ್ಕೆ. ಹಾಗಾಗಿ ನಾಣ್ಯದ ಮೇಲೆ 1474 ಎಂದಿದ್ದರೂ ನಮ್ಮ ಲೆಕ್ಕದಲ್ಲಿ 1475ರ ಫೆಬ್ರವರಿಯಲ್ಲಿ ಹೊಡೆದದ್ದಿರಬಹುದು. ಯುಗಾದಿಗೆ ವರ್ಷ ಬದಲಿಸುವ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಚಾರ್ಲ್ಸ್ ನಂತರ ಮಗಳು ಮೇರಿ. ಅವಳೂ 1482ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಳು. ಅವಳ ಮಗ ಫಿಲಿಪ್ ಆಗ ನಾಲ್ಕು ವರ್ಷ ತುಂಬದ ಕೂಸು. ಅಪ್ಪ ಮ್ಯಾಕ್ಸಿಮಿಲಿಯನ್ ಮಗನ ಪರವಾಗಿ ಆಳಲು ಕೂತ. ಫ್ಲಾಂಡರ್ಸಿನ ಊರುಗಳು ತಿರುಗಿ ಬಿದ್ದವು. 1488ರಲ್ಲಿ ಬ್ರೂಜ್ ಊರಿನ ಜನ ಅವನನ್ನೇ ಮೂರು ತಿಂಗಳಿಗೂ ಜಾಸ್ತಿ ಹಿಡಿದಿಟ್ಟುಕೊಂಡರು. ಯುದ್ಧದ ಖರ್ಚಿಗೆ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾಗುತ್ತಾ ಹೋಯಿತು. 1489ರ ಡಿಸೆಂಬರಿನಲ್ಲಿ ಹೊಸ ಆಜ್ಞೆ ಹೊರಡಿಸಿ ಹಣವನ್ನು ಮತ್ತೆ ಗಟ್ಟಿ ಮಾಡಿದರು. 1480ರ ದಶಕದ ಒಂದೊಂದು ವರ್ಷದ ನಾಣ್ಯ ಸಾಲಾಗಿ ಇಟ್ಟರೆ ಬಣ್ಣದಲ್ಲೂ ಗುಣದಲ್ಲೂ ಈ ಗಲಾಟೆ ಕಾಣುತ್ತದೆ. ಆಂಟ್ವರ್ಪ್ ನಾಣ್ಯಕ್ಕೆ ಪುಟ್ಟ ಕೈಯ ಗುರುತು, ಬ್ರೂಜ್‌ಗೆ ಲಿಲಿ ಹೂ, ಡೋರ್ಡ್ರೆಕ್ಟ್‌ಗೆ ಗುಲಾಬಿ. ಒಂದು ಟಂಕಸಾಲೆ ಹಿಡಿದು ವರ್ಷದ ಮೇಲೆ ವರ್ಷ ಕೂಡಿಸಿ, ಅಥವಾ ಒಂದೇ ವರ್ಷ ಹಿಡಿದು ಟಂಕಸಾಲೆಗಳನ್ನು ಕೂಡಿಸಿ. ಸಿಕ್ಕಿದ್ದೆಲ್ಲ ಕೊಳ್ಳಬೇಡಿ.

ಇದಕ್ಕೆ ಎರಡು ಪುಸ್ತಕ ಸಾಕು. ಮಾರುವವರ ಚೀಟಿಯಲ್ಲಿ ‘ಲೆವಿನ್ಸನ್’ ಅಂತ ಬರೆದಿದ್ದರೆ ಅದು 1234ರಿಂದ 1500ರವರೆಗಿನ ಇಸವಿ ಇರುವ ಯುರೋಪಿನ ನಾಣ್ಯಗಳ ಪಟ್ಟಿ, 2007ರಲ್ಲಿ ಬಂದದ್ದು. ‘ಜಿ.ಎಚ್.’ ಅಂತಿದ್ದರೆ ವಾನ್ ಗೆಲ್ಡರ್ ಮತ್ತು ಹಾಕ್ ಅವರು ಮಾಡಿದ ಬರ್ಗಂಡಿ ಕಾಲದ ಪಟ್ಟಿ. ಸಂಖ್ಯೆಯನ್ನು ನಂಬಿ ಕೊಳ್ಳಬೇಡಿ, ಪುಸ್ತಕ ತೆರೆದು ನೀವೇ ತಾಳೆ ನೋಡಿ.

ಕೊಳ್ಳುವಾಗ ನೋಡಬೇಕಾದ್ದು ಏನು? ನನ್ನ ಮೊದಲ ನಿಯಮ: ನಾಲ್ಕು ಅಂಕಿಯೂ ಕಣ್ಣಿಗೆ ಕಾಣಬೇಕು. ಇವೆಲ್ಲ ಸುತ್ತಿಗೆಯಿಂದ ಹೊಡೆದ ನಾಣ್ಯಗಳು. ಅಚ್ಚು ಒಂದು ಕಡೆ ಸರಿದಿರುತ್ತದೆ, ಅಂಚು ಕತ್ತರಿಸಿರುತ್ತದೆ. ಇಸವಿ ಇರುವುದೇ ಅಂಚಿನ ಬಳಿಯ ಬರಹದಲ್ಲಿ, ಮೊದಲು ಏಟು ಬೀಳುವುದೂ ಅಲ್ಲಿಗೇ. ಚಿತ್ರ ಹೊಳೆಯುತ್ತಿದ್ದು ಇಸವಿಯ ಕೊನೆಯ ಅಂಕಿ ಮಾಸಿದ್ದರೆ ನನಗದು ಬೇಡ. ಸಿಂಹದ ಮುಖ ಸವೆದು ಇಸವಿ ಸ್ಪಷ್ಟವಾಗಿದ್ದರೆ ಬೇಕು. ‘ಇದು 1475 ಇರಬಹುದು’ ಎಂದು ಯಾರಾದರೂ ಹೇಳಿದರೆ ‘ಇರಬಹುದು’ ಅನ್ನುವ ಬೆಲೆಯನ್ನೇ ಕೊಡಿ. ಕೆಲವು ಕಡೆ ಕೊನೆಯ ಎರಡು ಅಂಕಿ ಮಾತ್ರ ಹಾಕಿದ್ದಾರೆ, ರೋಮನ್ ಅಂಕಿಯಲ್ಲಿ ನಾಲ್ಕಕ್ಕೆ ಈಗಿನಂತೆ ಎರಡು ಅಕ್ಷರ ಬಳಸದೆ ನಾಲ್ಕು ಗೆರೆ ಎಳೆದಿದ್ದಾರೆ. ಅವೆಲ್ಲ ತಪ್ಪಲ್ಲ.

ಎರಡನೆಯದು, ಅಂಕಿ ತಿದ್ದಿದ್ದಾರಾ ಅಂತ ನೋಡಿ. ಸುಲಭವಾಗಿ ಸಿಗುವ ವರ್ಷವನ್ನು ಅಪರೂಪದ ವರ್ಷ ಮಾಡಲು ಸೂಜಿಯಂಥ ಉಳಿಯಿಂದ ಕೆರೆಯುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು, ಬೆಳಕನ್ನು ಪಕ್ಕದಿಂದ ಬಿಡಿ. ಅಚ್ಚಿನಿಂದ ಎದ್ದ ಅಂಕಿಯ ಸುತ್ತ ನೆಲ ಒಂದೇ ಮಟ್ಟದಲ್ಲಿ ಇರುತ್ತದೆ. ಕೆರೆದು ಮಾಡಿದ ಅಂಕಿಯ ಸುತ್ತ ಹಳ್ಳ ಬಿದ್ದಿರುತ್ತದೆ, ಅಲ್ಲಿನ ಬಣ್ಣವೂ ಉಳಿದ ಕಡೆಗಿಂತ ಹೊಸದು. ಇನ್ನು ಎರಕ ಹೊಯ್ದ ನಕಲಿಯಾದರೆ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸಣ್ಣ ಸಣ್ಣ ಗುಳ್ಳೆಯ ಗುರುತು, ಅಕ್ಷರಗಳ ಮೂಲೆ ಸೋಪಿನಂತೆ ನುಣುಪು. ಒಂದೇ ಗೀರು ಒಂದೇ ಜಾಗದಲ್ಲಿ ಎರಡು ನಾಣ್ಯಗಳ ಮೇಲೆ ಕಂಡರೆ ಎರಡನ್ನೂ ಬಿಟ್ಟು ಬನ್ನಿ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ಈಗ ಅಗ್ಗ, ಒಂದು ಇಟ್ಟುಕೊಳ್ಳಿ.

ಹಾಲ್ ಊರಿನ 1486ರ ಗುಲ್ಡಿನರ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಬಗ್ಗೆ ಒಂದು ಮಾತು. ಯಾಕೆಂದರೆ ಯಾರಾದರೂ ನಿಮಗೆ ತೋರಿಸಿಯೇ ತೋರಿಸುತ್ತಾರೆ. ಆರ್ಚ್‌ಡ್ಯೂಕ್ ಸಿಗಿಸ್ಮಂಡ್ ಟಂಕಸಾಲೆಯನ್ನು 1477ರಲ್ಲಿ ಮೆರಾನ್‌ನಿಂದ ಹಾಲ್‌ಗೆ ತಂದ. ಪಕ್ಕದ ಶ್ವಾಜ್ ಗಣಿಯಲ್ಲಿ ಬೆಳ್ಳಿ ಸುರಿಯುತ್ತಿತ್ತು, ಚಿನ್ನಕ್ಕೆ ಬರ. ಹಾಗಾಗಿ ಒಂದು ಚಿನ್ನದ ನಾಣ್ಯದ ಬೆಲೆಯಷ್ಟು ಬೆಳ್ಳಿಯನ್ನು ಒಂದೇ ನಾಣ್ಯಕ್ಕೆ ತುಂಬಿದರು. ಸುಮಾರು 32 ಗ್ರಾಂ! ಯುರೋಪಿನ ದೊಡ್ಡ ಬೆಳ್ಳಿ ನಾಣ್ಯಗಳ ವಂಶ ಅಲ್ಲಿಂದಲೇ ಶುರು. ಅದ್ಭುತವಾದ ನಾಣ್ಯ, ಲಕ್ಷಗಳ ಲೆಕ್ಕದ್ದು. ಅಷ್ಟೇ ಜಾಸ್ತಿ ಅದರ ಆಧುನಿಕ ಪ್ರತಿಗಳೂ ಇವೆ. ಪ್ರವಾಸಿಗರಿಗೆ ನೆನಪಿಗಾಗಿ ಮಾಡಿದವು, ಪ್ರಾಮಾಣಿಕವಾಗಿ ಮಾಡಿದವೇ. ಎರಡನೇ ಕೈಗೆ ಬರುವಷ್ಟರಲ್ಲಿ ಆ ಪ್ರಾಮಾಣಿಕತೆ ಉಳಿದಿರುವುದಿಲ್ಲ. ಮೇಳದಲ್ಲಿ ಕಂಡರೆ ಕೈಯಲ್ಲಿ ಹಿಡಿದು ಖುಷಿಪಡಿ, ಹಣ ತೆಗೆಯಬೇಡಿ. ಕೊಳ್ಳುವುದೇ ಆದರೆ ಅಸಲಿ ಎಂದು ಬರವಣಿಗೆಯಲ್ಲಿ ಖಾತರಿ ಕೊಡುವ ಹರಾಜಿನವರ ಹತ್ತಿರ ಮಾತ್ರ.

ಅಜ್ಜಿಯ ಪುತಳಿ ಸರ. ವೆನಿಸ್ಸಿನ ಚಿನ್ನದ ಡುಕಾಟ್ 1284ರಲ್ಲಿ ಶುರುವಾಗಿ 1797ರಲ್ಲಿ ಆ ಗಣರಾಜ್ಯ ಮುಳುಗುವವರೆಗೆ ಹೆಚ್ಚುಕಡಿಮೆ ಒಂದೇ ಚಿತ್ರದಲ್ಲಿ ಬಂತು. ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ, ಹಿಂದಿನ ಬದಿಯಲ್ಲಿ ಏಸು. ಇಸವಿ ಇಲ್ಲ, ಅದು ಬೇಕೂ ಇರಲಿಲ್ಲ. ಚಿತ್ರ ಬದಲಾಗದಿದ್ದದ್ದೇ ಅದರ ಬಂಡವಾಳ. ನಮ್ಮ ಪಶ್ಚಿಮ ಕರಾವಳಿಗೆ ಮೆಣಸಿನ ವ್ಯಾಪಾರದ ಜೊತೆ ಬಂದವರು ಇದನ್ನು ಕಣ್ಣು ಮುಚ್ಚಿ ಕೊಡುತ್ತಿದ್ದರು, ಇಲ್ಲಿನವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಅಸಲಿ ಡುಕಾಟ್ ಆದರೆ ದೊರೆಯ ಹೆಸರು ಓದಿ ಅವನ ಆಳ್ವಿಕೆಯ ವರ್ಷಗಳವರೆಗೆ ಕಾಲ ಕಟ್ಟಬಹುದು. ಆದರೆ ಪುತಳಿ ಸರದಲ್ಲಿರುವುದು ಬಹುತೇಕ ಇಲ್ಲಿನ ಅಕ್ಕಸಾಲಿಗರು ಅದನ್ನು ನೋಡಿ ಮಾಡಿದ್ದು. ಅಕ್ಷರಗಳು ಅಕ್ಷರಗಳಾಗಿರದೆ ಬರೀ ಗೆರೆ ಚುಕ್ಕಿಗಳಾಗಿದ್ದರೆ ಅದು ಊರಿನ ಕೆಲಸ. ಅದಕ್ಕೂ ಅದರದೇ ಬೆಲೆ ಇದೆ. ದಯವಿಟ್ಟು ಕರಗಿಸಲು ಕೊಡಬೇಡಿ, ತಿಕ್ಕಿ ತೊಳೆಯಲೂ ಹೋಗಬೇಡಿ. ಬೆಳ್ಳಿ ನಾಣ್ಯಗಳಿಗೂ ಇದೇ ಮಾತು: ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಹಸಿರು ಜಿಡ್ಡು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ.

ಕೊನೆಗೆ ಊರಿಗೆ ತರುವ ವಿಷಯ. ಇದನ್ನು ಯೋಚಿಸದೆ ತಂದು ಆಮೇಲೆ ಪೇಚಾಡುವವರು ಜಾಸ್ತಿ. ಮೊದಲು ಅಲ್ಲಿಂದ ಹೊರಡುವುದು: ಯುರೋಪಿನ ದೇಶಗಳಲ್ಲಿ ಹಳೆಯ ವಸ್ತು ಹೊರಗೆ ಸಾಗಿಸಲು ನಿಯಮಗಳಿವೆ, ಇಟಲಿಯಲ್ಲಿ ಬಹಳ ಬಿಗಿ. ಯಾವ ಅನುಮತಿ ಬೇಕು ಅಂತ ಮಾರುವವರನ್ನು ಕೊಳ್ಳುವ ಮೊದಲೇ ಕೇಳಿ, ರಸೀದಿಯಲ್ಲಿ ನಾಣ್ಯದ ವಿವರ, ಫೋಟೋ, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬುದೆಲ್ಲ ಬರೆಸಿಕೊಳ್ಳಿ. ಇಲ್ಲಿಗೆ ತರುವಾಗ ಕಸ್ಟಮ್ಸ್‌ನಲ್ಲಿ ತಪ್ಪದೆ ಹೇಳಿ, ಸುಂಕ ಬಿದ್ದರೆ ಕಟ್ಟಿ, ಆ ಕಾಗದ ಜೋಪಾನ ಮಾಡಿ. ಇನ್ನು ದೊಡ್ಡ ಸಂಗತಿ ಇದು. ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ನಾಣ್ಯ ಎಲ್ಲಿ ಹೊಡೆದದ್ದು ಎಂದು ಆ ವ್ಯಾಖ್ಯೆ ಕೇಳುವುದಿಲ್ಲ. ಅಂದರೆ ಆಂಟ್ವರ್ಪಿನ ಬ್ರಿಕೆ ಒಮ್ಮೆ ಬೀದರಿನ ಬೀರು ಸೇರಿದರೆ, ಮುಂದೆ ಯುರೋಪಿನ ಹರಾಜಿಗೆ ಕಳಿಸಿ ಮಾರೋಣ ಅಂದುಕೊಂಡರೆ ಆಗುವುದಿಲ್ಲ. ಇಲ್ಲಿ ಅದನ್ನು ಕೊಳ್ಳುವವರು ಬೆರಳೆಣಿಕೆಯಷ್ಟು. ಅದೇ ಕಾರಣಕ್ಕೆ ತಾತನ ಬಹಮನಿ ನಾಣ್ಯಗಳನ್ನು ತೋರಿಸಲು ಅಂತಲೂ ಅಲ್ಲಿಗೆ ತೆಗೆದುಕೊಂಡು ಹೋಗಬೇಡಿ, ಫೋಟೋ ಸಾಕು.

ಹಾಗಾಗಿ ನೀವು ಅಲ್ಲಿರುವಷ್ಟು ದಿನ ನಾಣ್ಯಗಳೂ ಅಲ್ಲೇ ಇರಲಿ. ಬದಲಾಯಿಸಿಕೊಳ್ಳಲು, ಮಾರಲು, ಒಳ್ಳೆಯದು ಸಿಕ್ಕಾಗ ಹಳೆಯದನ್ನು ಬಿಡಲು ಅನುಕೂಲ. ಊರಿಗೆ ವಾಪಸ್ ಬರುವುದು ಖಚಿತವಾದಾಗ, ಜೀವಮಾನವಿಡೀ ಇಟ್ಟುಕೊಳ್ಳಬೇಕು ಅನ್ನಿಸಿದವನ್ನು ಮಾತ್ರ ಆರಿಸಿ ತನ್ನಿ. ಆ 1474 ಇನ್ನೂ ಮಾರಾಟವಾಗಿಲ್ಲದಿದ್ದರೆ ತೂಕ ಹಾಕಿಸಿ, ಪಕ್ಕದ ಬೆಳಕಿನಲ್ಲಿ ಎರಡು ಕುಣಿಕೆಯನ್ನೂ ನಡುವಿನ ಮೊನೆಯನ್ನೂ ಇನ್ನೊಮ್ಮೆ ನೋಡಿ, ಟಂಕಸಾಲೆಯ ಗುರುತು ಯಾವುದು ಅಂತ ನನಗೂ ಬರೆಯಿರಿ. ನೀವು ಕಳಿಸಿದ ಫೋಟೋದಲ್ಲಿ ಆ ಭಾಗದ ಮೇಲೆ ನಿಮ್ಮ ಹೆಬ್ಬೆರಳಿದೆ.